ಬ್ರೇಕ್ ಹಿಡಿಯಾಕಿಗೆ ಉಡಿ

ಅಂದು ಚಟ್ನಿಗೆಂದು ಶೇಂಗಾ ಹುರಿಯುತ್ತಿದ್ದೆ. ಶೇಂಗಾ ಹುರಿಯುವಾಗ ನಡುವೆ ಎದ್ದು ಹೋಗುವಂತಿಲ್ಲ. ಬೇಳೆ ಬೆಂದರೆ ಕುಕ್ಕರು ತಾನೇ ಕೂಗಿ ಕರೆಯುತ್ತದೆ, ಹಾಲು ಉಕ್ಕಿದರೆ ವಾಸನೆ ಬಂದು ಹೇಳುತ್ತದೆ. ಶೇಂಗಾ ಮಾತ್ರ ಸುಮ್ಮನೆ ಇದ್ದು ಸುಮ್ಮನೆ ಕರಕಾಗುವ ಜಾತಿ. ಹೀಗಾಗಿ ಗೋಡೆಯಾಚೆಯಿಂದ ಖೈರುನ್‌ಬೀ "ಶಾಂತಕ್ಕಾ, ಏ ಶಾಂತಕ್ಕಾ" ಎಂದು ಕರೆದಾಗ ಒಲೆಯ ಮುಂದೆ ನಿಂತೇ ಓ ಅಂದೆ.

"ನಿಮ್ಮ ಸೊಸಿ ಗಾಡಿ ತಳ್ಕೋತ ಬರಾಕತ್ತಾಳ ನೋಡ."

"ಪೆಟ್ರೋಲ್ ತೀರಿರಬೇಕು ಬಿಡವಾ."

"ಪೆಟ್ರೋಲ್ ತೀರಿದ್ರ ಕಣ್ಣಾಗ ನೀರು ಯಾಕ ಬರತಾವು? ಈಗಿನ ರೇಟಿಗೆ ಹಾಕಿಸೋವಾಗ ಬರಬೇಕು, ತೀರಿದಾಗಲ್ಲ."

ಖೈರುನ್‌ಬೀ ನಮ್ಮ ಪಕ್ಕದ ಮನೆಯವಳು. ಅವಳ ಯಜಮಾನರು ಗಾದಿ ಹೊಲಿಯುತ್ತಾರೆ. ಆ ಹತ್ತಿ ಬಡಿಯುವ ಸದ್ದಿನ ನಡುವೆಯೂ ಓಣಿಗೆ ಯಾರು ಬಂದರು, ಯಾರು ಹೋದರು, ಹೋಗುವಾಗ ಮುಖ ಹೇಗಿತ್ತು ಎಂಬುದೆಲ್ಲ ಅವಳಿಗೆ ತಿಳಿಯುತ್ತದೆ. ಸಂಜೆ ದೀಪ ಹಚ್ಚುವಾಗ ಆ ದಿನ ಆದ ಸಣ್ಣಪುಟ್ಟ ಉಪಕಾರಗಳನ್ನು ಹನುಮಪ್ಪನಿಗೆ ಒಂದೊಂದಾಗಿ ಹೇಳಿ ಕೈಮುಗಿಯುವುದು ನನ್ನ ಪದ್ಧತಿ. ಖೈರುನ್‌ಬೀಯಂಥ ನೆರೆಯವಳನ್ನು ಕೊಟ್ಟದ್ದಕ್ಕೆ ಕೆಲವು ದಿನ ಕೈಮುಗಿದಿದ್ದೇನೆ. ಕೆಲವು ದಿನ ಅದನ್ನು ಬಿಟ್ಟು ಮುಂದಕ್ಕೆ ಹೋಗಿದ್ದೇನೆ.

ಒಲೆ ಆರಿಸಿ ಹೊರಗೆ ಬಂದೆ. ಸೊಸೆ ಪೂರ್ಣಿಮಾ ಸ್ಕೂಟರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಎಂದಿನಂತೆ ಕಾಲು ತೊಳೆದು, ಎಂದಿನಂತೆ ಬ್ಯಾಗನ್ನು ಮೊಳೆಗೆ ತೂಗುಹಾಕಿ, ಹೊಸ್ತಿಲ ಮೇಲೆ ಕುಳಿತಳು. ಹೊಸ್ತಿಲ ಮೇಲೆ ಕೂರಬಾರದು ಎಂದು ಹೇಳಲು ಬಾಯಿ ತೆರೆದವಳು ಅವಳ ಮುಖ ನೋಡಿ ಮುಚ್ಚಿದೆ.

"ಗಾಡಿಗೆ ಏನಾತವ್ವ?"

"ಗಾಡಿಗೆ ಏನೂ ಆಗಿಲ್ಲ ಅತ್ತಿ. ನನ್ನ ಕೈಗೇ ಏನೋ ಆಗೈತಿ. ಕಾಲುವಿ ಬ್ರಿಜ್ ಹತ್ರ ಹೋದಕೂಡ್ಲೆ ಬ್ರೇಕ್ ಹಿಡಕೊಂಡು ಬಿಡತೈತಿ. ಬಿಡಿಸೀನಂದ್ರ ಬಿಡವಲ್ದು."

ನಮ್ಮ ಮನೆ ಗಂಗಾವತಿಯ ಹೊರಗೆ, ಎಡದಂಡೆ ಕಾಲುವೆಯ ಕಡೆಯ ಓಣಿಯಲ್ಲಿ. ಪೂರ್ಣಿಮಾ ಅತಿಥಿ ಶಿಕ್ಷಕಿಯಾಗಿ ಹೋಗುವ ಪ್ರಾಥಮಿಕ ಶಾಲೆ ಕಾಲುವೆಯ ಆಚೆಯ ಹಳ್ಳಿಯಲ್ಲಿದೆ. ಒಂದನೇ ಇಯತ್ತೆಯ ಮಕ್ಕಳಿಗೆ ಅಆಇಈ ಕಲಿಸುತ್ತಾಳೆ. ಆ ಊರಿಗೆ ಬಸ್ಸು ಉಂಟು, ಶಾಲೆ ಬಿಟ್ಟ ಮೇಲೆ ಹೋಗುತ್ತದೆ. ನಡುವೆ ಇರುವುದು ಒಂದೇ ಸೇತುವೆ, ಎರಡು ಎತ್ತಿನ ಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕಾದಷ್ಟು ಇಕ್ಕಟ್ಟು. ದೀಪಾವಳಿ ಆದಮೇಲೆ ಒಂದು ಬೆಳಿಗ್ಗೆ ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಅಲ್ಲಿ ಜಾರಿ ಬಿದ್ದಳು. ಮೊಣಕಾಲು ತರಚಿತು. ಸೇತುವೆಗೆ ಗೋಡೆ ಇದ್ದದ್ದು ಒಂದು ಉಪಕಾರ, ಕಾಲುವೆಯಲ್ಲಿ ನೀರು ಕಡಿಮೆ ಇದ್ದದ್ದು ಇನ್ನೊಂದು, ಹೊಸ ಸೀರೆ ಉಡದೆ ಹಳೆಯದು ಉಟ್ಟು ಹೋದದ್ದು ಮತ್ತೊಂದು. ಹನುಮಪ್ಪನಿಗೆ ಎಲ್ಲಾ ಹೇಳಿ ಮುಗಿಸಿದ್ದೆ. ಮುಗಿದಿರಲಿಲ್ಲ ಎಂದು ಈಗ ತಿಳಿಯಿತು.

ಬಿದ್ದ ಮೇಲೆ ಕೆಲವು ದಿನ ಮಗ ಬಸವರಾಜ ಅವಳನ್ನು ಶಾಲೆಗೆ ಬಿಟ್ಟು ಬಂದ. ಅವನು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸ ಮಾಡುವವನು, ಗಿರಣಿ ಇರುವುದು ಊರಿನ ಆ ತುದಿಗೆ. ದಿನಾ ಎರಡು ಕಡೆಗೂ ಓಡಿದರೆ ಎರಡು ಕಡೆಯೂ ತಡ. ಮುಖ್ಯೋಪಾಧ್ಯಾಯರು ಒಳ್ಳೆಯವರು, ಆದರೂ ಒಂದು ದಿನ ಮೆಲ್ಲಗೆ ಹೇಳಿಯೇಬಿಟ್ಟರಂತೆ: ಹೀಗೇ ಆದರೆ ಮುಂದಿನ ವರ್ಷ ಬೇರೆಯವರನ್ನು ನೋಡಬೇಕಾಗುತ್ತದೆ.

"ಸಾಲಿ ಬಿಟ್ಟು ಬಿಡತೀನಿ ಅತ್ತಿ," ಎಂದಳು ಹೊಸ್ತಿಲ ಮೇಲೆ ಕುಳಿತವಳು. "ಮನ್ಯಾಗ ನಾಕು ಮಂದಿಗೆ ಟ್ಯೂಷನ್ ಹೇಳಿದ್ರಾತು."

ಅದನ್ನು ಹೇಳುವಾಗ ಅವಳ ಧ್ವನಿ ತೀರ ಸಣ್ಣದಾಗಿತ್ತು. ಶಾಲೆಯಿಂದ ಬಂದ ಮೇಲೆ ಚಹಾ ಕುಡಿಯುತ್ತ ಆ ಮಕ್ಕಳ ಮಾತನ್ನು ಅವಳು ಅನುಕರಿಸಿ ಹೇಳುವುದುಂಟು. ಯಾವನೋ ಒಬ್ಬ 'ಳ' ಬರೆಯುವಾಗ ನಾಲಿಗೆ ಹೊರಗೆ ಚಾಚುತ್ತಾನೆ, ಯಾವಳೋ ಒಬ್ಬಳು ಮಧ್ಯಾಹ್ನದ ಊಟದ ಮೊಟ್ಟೆಯನ್ನು ಅವ್ವನಿಗೆಂದು ಜೇಬಿನಲ್ಲಿ ಇಟ್ಟುಕೊಂಡು ಅದರ ಮೇಲೆಯೇ ಕೂತಳು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಟೀವಿ ಹಚ್ಚುವುದಿಲ್ಲ. ಅವಳು ಶಾಲೆ ಬಿಟ್ಟರೆ ಆ ಹೊತ್ತೂ ಹೋಗುತ್ತದೆ.

ಅಂಜಿಕೆಗೆ ನನಗೆ ಗೊತ್ತಿರುವ ಔಷಧಗಳೆಲ್ಲ ನನ್ನ ತವರು ಹನುಮಸಾಗರದವು. ನಾನು ಚಿಕ್ಕವಳಿದ್ದಾಗ ಹುಣಸೆಮರಕ್ಕೆ ಅಂಜಿದರೂ, ಲೆಕ್ಕದ ಮಾಸ್ತರರಿಗೆ ಅಂಜಿದರೂ, ಅವ್ವ ಉಪ್ಪು ಮೆಣಸಿನಕಾಯಿ ಹಿಡಿದು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡುವ ಗದ್ದಲದಲ್ಲಿ ಅಂಜಿಕೆಯೂ ಓಡಿಹೋಗುತ್ತಿತ್ತು. ಲೆಕ್ಕ ಮಾತ್ರ ಅಲ್ಲೇ ಇರುತ್ತಿತ್ತು.

ಅದೇ ವಿದ್ಯೆಯನ್ನು ಸೊಸೆಯ ಸ್ಕೂಟರಿನ ಮೇಲೆ ಪ್ರಯೋಗಿಸಿದೆ. ಮೊದಲು ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಆಮೇಲೆ ಅಂಜನಾದ್ರಿ ಬೆಟ್ಟ ಹತ್ತಿಹೋಗಿ ಕೇಸರಿ ದಾರ ತಂದು ಒಂದು ಕನ್ನಡಿಗೆ ಕಟ್ಟಿದೆ, ಮೊಣಕಾಲು ನೋವು ಇನ್ನೂ ಇದೆ. ಖೈರುನ್‌ಬೀ ತಾನೂ ಸುಮ್ಮನಿರಲಾರದೆ ದರ್ಗಾದಿಂದ ಹಸಿರು ದಾರ ತಂದು ಇನ್ನೊಂದು ಕನ್ನಡಿಗೆ ಕಟ್ಟಿದಳು. ಹಾರನ್ನಿನ ಗುಂಡಿ ಎಲ್ಲಿದೆ ಎಂದು ಹುಡುಕಬೇಕಾಯಿತು. ಬಸವರಾಜ ಅದನ್ನು ನೋಡಿ, "ಅವ್ವಾ, ಇದು ಗಾಡಿನೋ, ಲಗ್ನಕ್ಕ ಕುಂತ ಮದುಮಗಳೋ?" ಎಂದ. ಅಷ್ಟು ಅಲಂಕಾರ ಮಾಡಿಸಿಕೊಂಡ ಗಾಡಿ ಸೇತುವೆಯ ತನಕ ಗಂಭೀರವಾಗಿ ಹೋಗಿ, ಅಲ್ಲಿ ಎರಡೂ ಧರ್ಮದ ದಾರಗಳ ಸಮೇತ ನಿಂತುಬಿಟ್ಟಿತು.

ಕೊನೆಗೆ ಬಸವರಾಜನೇ ಯಾರನ್ನೋ ಕೇಳಿ ಕೊಪ್ಪಳದ ಒಬ್ಬ ಸಮಾಲೋಚಕಿಯನ್ನು ಹುಡುಕಿದ. ಮನಸ್ಸಿನ ಕಷ್ಟಕ್ಕೆ ಮಾತಿನಲ್ಲೇ ಔಷಧ ಕೊಡುವವರಂತೆ. ಗುಳಿಗೆ ಇಲ್ಲ, ಸೂಜಿ ಇಲ್ಲ. ಬರೀ ಮಾತಾಡಿದರೆ ವಾಸಿಯಾಗುವುದಾದರೆ ಖೈರುನ್‌ಬೀ ನೂರು ವರ್ಷ ಬದುಕಬೇಕು ಎಂದು ನಾನಂದೆ. ಕೊಪ್ಪಳದ ಮೇಡಂ ವಾರಕ್ಕೊಮ್ಮೆ ಫೋನಿನ ವಿಡಿಯೋದಲ್ಲಿ ಮಾತಾಡುವುದೆಂದಾಯಿತು. ನಮ್ಮ ಮನೆಯಲ್ಲಿ ನೆಟ್ಟಗೆ ಚಿಲಕ ಬೀಳುವ ಬಾಗಿಲು ದೇವರ ಕೋಣೆಯದು ಮಾತ್ರ. ನೆಟ್‌ವರ್ಕ್ ಸಿಗುವುದೂ ಅಲ್ಲೇ. ಹೀಗಾಗಿ ಮೇಡಮ್ಮನವರು ನಮ್ಮ ಹನುಮಪ್ಪನ ಪಕ್ಕದಲ್ಲಿ, ಊದಿನಕಡ್ಡಿಯ ಪೆಟ್ಟಿಗೆಗೆ ಆತುಕೊಂಡು ಆಸೀನರಾದರು.

ನಾನು ಕದ್ದು ಕೇಳುವವಳಲ್ಲ. ಆದರೆ ಅಕ್ಕಿಯಲ್ಲಿ ಹರಳು ಆರಿಸಲು ಬೆಳಕು ಬೇಕು, ಬೆಳಕು ಚೆನ್ನಾಗಿರುವುದು ದೇವರ ಕೋಣೆಯ ಬಾಗಿಲಿನ ಮುಂದೆ. ಗಿರಣಿಯಿಂದ ಮಗ ತಂದ ಅಕ್ಕಿಯಲ್ಲಿ ಹರಳು ಇರುವುದಿಲ್ಲ ಎಂಬುದು ಬೇರೆ ಮಾತು. ಮೊದಲ ಸಲ ಕೇಳಿದ್ದರಲ್ಲಿ ವಿಶೇಷವೇನೂ ಇರಲಿಲ್ಲ: ನಿದ್ದಿ ಬರತೈತೇನು, ಊಟ ಸೇರತೈತೇನು. ಎರಡನೆಯ ಸಲ ಕೇಳಿದ ಮಾತಿಗೆ ನನ್ನ ಕೈಯಲ್ಲಿದ್ದ ಮೊರ ವಾಲಿತು.

"ಬ್ರೇಕ್ ಹಿಡಿಯಾಕಿ ಒಬ್ಬಾಕಿ ನಿಮ್ಮೊಳಗ ಅದಾಳ ಅಂದ್ರಲ್ಲ," ಎನ್ನುತ್ತಿದ್ದರು ಮೇಡಂ. "ಆಕಿ ಈಗ ಬಂದಾಳೇನ್ರಿ?"

"ಬಂದಾಳ್ರಿ." ಪೂರ್ಣಿಮಾಳ ಧ್ವನಿ ಎಂದಿನಂತೆ ಇರಲಿಲ್ಲ.

"ಎಲ್ಲಿ ಅದಾಳ?"

"ಇಲ್ಲಿ, ಎದಿ ಹತ್ರ. ಮತ್ತ ಈ ಬೆರಳಾಗ."

"ಆಕಿನ್ನ ಸಮಾಧಾನಲೆ ಕೇಳ್ರಿ. ನೀನು ಯಾಕ ಬಂದಿ? ನಿನಗೇನು ಬೇಕು?"

ಆಮೇಲೆ ಒಳಗಿಂದ ಬಿಕ್ಕಿ ಅಳುವ ಸದ್ದು.

ನನಗೆ ತಿಳಿಯಿತು. ಈ ಪ್ರಶ್ನೆಗಳು ನನಗೆ ಹೊಸವಲ್ಲ. ಹನುಮಸಾಗರದಲ್ಲಿ ನಮ್ಮ ದೊಡ್ಡವ್ವನ ಮೈಯಲ್ಲಿ ಅಮ್ಮ ಬರುತ್ತಿದ್ದಳು. ದೊಡ್ಡವ್ವ ಕೂದಲು ಬಿಚ್ಚಿಕೊಂಡು ಹೂಂಕರಿಸಲು ಶುರುಮಾಡಿದರೆ ಹಿರಿಯರು ಓಡಿಬಂದು, "ಯಾಕ ಬಂದಿ ತಾಯಿ, ಏನು ತಪ್ಪಾಗೈತಿ, ಏನು ಬೇಕು ಹೇಳು" ಎಂದು ಇದೇ ಸಮಾಧಾನದಲ್ಲಿ ಕೇಳುತ್ತಿದ್ದರು. ಅಮ್ಮ ಹೆಚ್ಚಾಗಿ ಹಸಿರು ಸೀರೆ ಬೇಡುತ್ತಿದ್ದಳು. ಒಮ್ಮೆ ಅಂಚು ಎಂಥದಿರಬೇಕೆಂದೂ ಹೇಳಿದ್ದಳು, ಅದು ಕುಷ್ಟಗಿಯ ಅಂಗಡಿಗೆ ಆ ವಾರವಷ್ಟೇ ಬಂದಿತ್ತು. ನಾವು ಹುಡುಗಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರೂ ಹಿರಿಯರು ನಗುತ್ತಿರಲಿಲ್ಲ. ದೊಡ್ಡಪ್ಪ ಹೆಂಡತಿಯ ಮಾತನ್ನು ನೆಲದ ಮೇಲೆ ಕೂತು, ಕೈಮುಗಿದು, ಪೂರಾ ಕೇಳುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಉಳಿದ ದಿನ ಅವಳು ಉಪ್ಪು ತೀರಿದೆ ಎಂದರೂ ಅವನಿಗೆ ಕಿವಿ ಇರಲಿಲ್ಲ.

ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದು. ಅಡುಗೆಮನೆಗೆ ಓಡಿದೆ. ಉಡಿ ತುಂಬಲು ಏನೇನು ಬೇಕೋ ತಟ್ಟೆಯಲ್ಲಿ ಹೊಂದಿಸಿದೆ: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕುಂಕುಮ, ಎಲೆ ಅಡಿಕೆ, ಒಂದು ಕುಪ್ಪಸದ ಖಣ. ಖಣ ಹಸಿರೇ ಸಿಕ್ಕಿತು, ಅದೂ ಒಂದು ಉಪಕಾರ. ಕರ್ಪೂರ ಹಚ್ಚಿಕೊಂಡು ಬಾಗಿಲು ತಟ್ಟಿದೆ. ಪೂರ್ಣಿಮಾ ಚಿಲಕ ತೆಗೆದಳು, ಕಣ್ಣು ಕೆಂಪಗಿದ್ದವು. ನಾನು ಅವಳಿಗೆ ಆರತಿ ಬೆಳಗಿದೆ. ಪಕ್ಕದಲ್ಲಿ ಹನುಮಪ್ಪನಿಗೆ ಬೆಳಗಿದೆ. ನಡುವೆ ಫೋನಿತ್ತು, ಬಿಟ್ಟರೆ ಸರಿಯಲ್ಲವೆಂದು ಮೇಡಮ್ಮನವರಿಗೂ ಬೆಳಗಿದೆ. ಆಮೇಲೆ ಸೊಸೆಯ ಮುಂದೆ ಕೂತು ಸೆರಗೊಡ್ಡಿ ಕೇಳಿದೆ:

"ಯಾವ ಊರಾಕಿ ತಾಯಿ ನೀನು? ನಮ್ಮ ಕಡಿಂದ ಏನರ ತಪ್ಪು ನಡದೈತೇನು? ಕೂಸಿನ್ನ ಕಾಡಬ್ಯಾಡವ್ವ, ಏನು ಬೇಕು ಹೇಳು."

ಕರ್ಪೂರ ಉರಿಯುತ್ತಿತ್ತು.

"ಅಮ್ಮಾರ," ಎಂದರು ಫೋನಿನೊಳಗಿಂದ ಮೇಡಂ, "ನೀವು ಯಾರ ಕೂಡ ಮಾತಾಡಾಕತ್ತೀರಿ?"

"ಒಳಗ ಬಂದಾಕಿ ಕೂಡ ರೀ. ನೀವ ಕೇಳಿದ್ರಲ್ಲ."

ಪೂರ್ಣಿಮಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಮತ್ತೆ ಅಳುತ್ತಿದ್ದಾಳೆಂದುಕೊಂಡೆ, ಭುಜ ಕುಣಿಯುವುದು ನೋಡಿದರೆ ನಗುತ್ತಿದ್ದಳು. ಬಿದ್ದ ದಿನದಿಂದ ಅವಳು ಹಾಗೆ ನಕ್ಕಿರಲಿಲ್ಲ. ಮೇಡಂ ಕೂಡ ಫೋನನ್ನು ಸ್ವಲ್ಪ ಆಚೆ ತಿರುಗಿಸಿದರು, ಆದರೆ ನಕ್ಕದ್ದು ಕೇಳಿಸಿತು.

ಬೈಯುತ್ತಾರೆಂದುಕೊಂಡಿದ್ದೆ. ಅವರು ಪೂರ್ಣಿಮಾಳನ್ನು, "ಅತ್ತಿಯವರು ಇರಲೇನ್ರಿ, ಹೋಗಲೇನ್ರಿ? ನಿಮಗ ಹೆಂಗ ಬೇಕು ಹಂಗ," ಎಂದು ಕೇಳಿದರು. ಇವಳು ಕಣ್ಣೊರೆಸಿಕೊಂಡು, "ಇರಲಿರಿ, ಹೊರಗ ಕುಂತು ಕೇಳೂಕ್ಕಿಂತ ಒಳಗ ಕುಂದ್ರೂದು ಛಲೋ," ಎಂದಳು. ಮೊರದ ಮರ್ಮ ಅವಳಿಗೆ ಮೊದಲೇ ಗೊತ್ತಿತ್ತು.

ಆಗ ಮೇಡಂ ತಿಳಿಸಿ ಹೇಳಿದರು. ಬಂದಿರುವುದು ದೇವರೂ ಅಲ್ಲ, ದೆವ್ವವೂ ಅಲ್ಲ. ಎಲ್ಲರೊಳಗೂ ಹೀಗೆ ಹಲವರು ಇರುತ್ತಾರಂತೆ, ಒಂದೇ ಮನೆಯಲ್ಲಿ ಹಲವರು ಇರುವ ಹಾಗೆ. ಒಬ್ಬ ಅವಸರದವನು, ಒಬ್ಬಳು ಅಂಜುವವಳು, ಒಬ್ಬಳು ಸದಾ ಬೈಯುವವಳು. ಯಾರೂ ಕೆಟ್ಟವರಲ್ಲ, ತಮಗೆ ತಿಳಿದಂತೆ ನಮ್ಮನ್ನು ಕಾಯುತ್ತಿರುತ್ತಾರೆ. ಕಾಯುವ ರೀತಿ ಹಳೆಯದಾಗಿರುತ್ತದೆ ಅಷ್ಟೇ. ಅವರನ್ನು ಓಡಿಸುವುದಲ್ಲ, ಕೂರಿಸಿ ಮಾತಾಡಿಸಬೇಕು.

"ಓಡಿಸಂಗಿಲ್ಲ ಹೌದಲ್ಲರಿ?"

"ಇಲ್ಲರಿ ಅಮ್ಮಾರ."

"ಹಂಗಾರ ಛಲೋ ಆತು. ಆರತಿ ಮಾಡಿ ಓಡಿಸಿದ್ರ ನಮಗ ಪಾಪ ಬರತಿತ್ತು."

ಆ ವಾರ ಮನೆಯಲ್ಲಿ ಬೇರೆ ಮಾತೇ ಇಲ್ಲ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, "ನಿನ್ನೊಳಗ ಎಷ್ಟು ಮಂದಿ ಅದಾರ?" ಎಂದು ಕೇಳಿದರು. ಬಹಳ ಮಂದಿ ಅಂದೆ. "ಅದರಾಗ ಚಾ ಮಾಡಾಕಿ ಯಾರರ ಖಾಲಿ ಅದಾಳೇನು ನೋಡು," ಎಂದರು. ತಮಾಷೆ ಇರಲಿ, ನಾನು ನಿಜವಾಗಿಯೂ ನೋಡಿಕೊಂಡೆ. ಬಹಳ ಮಂದಿ ಎಂದದ್ದು ಸುಳ್ಳಲ್ಲ. ಊರು ಬಿಟ್ಟು ಹೊರಟಾಗಲೆಲ್ಲ ಗ್ಯಾಸ್ ಆರಿಸಿದೆಯಾ ಎಂದು ಕೇಳುವವಳೊಬ್ಬಳಿದ್ದಾಳೆ, ಯಲಬುರ್ಗಾದ ನೆಂಟರ ಮನೆಯ ಮದುವೆಗೆ ಹೋದಾಗ ಅಕ್ಷತೆ ಬೀಳುವ ಹೊತ್ತಿಗೆ ಅವಳು ಎದ್ದಳು. ನಾನು ಕಣ್ಣುಮುಚ್ಚಿ ಪೂಜೆಗೆ ಕೂತಾಗ ಖೈರುನ್‌ಬೀಯ ಮನೆಯ ಒಗ್ಗರಣೆ ಬೆಳ್ಳುಳ್ಳಿಯದೋ ಕರಿಬೇವಿನದೋ ಎಂದು ಪತ್ತೆಹಚ್ಚುವವಳು ಇನ್ನೊಬ್ಬಳು. ಅವಳಿಗೆ ಕೆಲಸ ಬಹಳ. ಇಷ್ಟು ಜನರಿಗೂ ಸೇರಿ ಇರುವುದು ಒಂದೇ ಮೊಣಕಾಲು ನೋವು ಎಂಬುದನ್ನು ಉಪಕಾರದ ಲೆಕ್ಕಕ್ಕೆ ಸೇರಿಸಿದೆ.

ಒಂದು ಅನುಮಾನ ಮಾತ್ರ ಬಿಡಲಿಲ್ಲ. ಸದಾ ಬೈಯುವವಳು ಒಬ್ಬಳು ಇರುತ್ತಾಳೆ ಎಂದಿದ್ದರಲ್ಲ. ರೊಟ್ಟಿ ಬಡಿಯುತ್ತ, ಬೇರೆ ಎಲ್ಲೋ ನೋಡುತ್ತ ಕೇಳಿದೆ:

"ಪೂರ್ಣಿ, ನಿನ್ನೊಳಗ ಯಾರ್ಯಾರು ಅದಾರ? ಅತ್ತಿ ಗಿತ್ತಿ ಅಂತ ಯಾರರ..."

"ಇಲ್ಲ ಅತ್ತಿ. ಎಲ್ಲಾರೂ ನಾನ."

"ಒಬ್ಬಾಕಿನೂ ಇಲ್ಲ?"

"ಇಲ್ಲಂದ್ನೆಲ್ಲ."

ಎದೆ ಹಗುರವಾಯಿತು. ಎರಡು ರೊಟ್ಟಿ ಆಗುವ ಹೊತ್ತಿಗೆ ಸ್ವಲ್ಪ ಸಿಟ್ಟೂ ಬಂತು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಇದ್ದು, ಅಷ್ಟು ದೊಡ್ಡ ಮನೆಯಲ್ಲಿ ನನಗೊಂದು ಚಾಪೆ ಹಾಸುವಷ್ಟು ಜಾಗವಿಲ್ಲವೇ?

"ಯಾಕತ್ತಿ, ರೊಟ್ಟಿ ತೂತು ಬೀಳಾಕತ್ತೈತಿ?" ಎಂದಳು ಸೊಸೆ. ಅವಳಿಗೆ ಗೊತ್ತಾಗಿತ್ತು. ಹಲ್ಲು ಕಚ್ಚಿ ನಗು ತಡೆಯುತ್ತಿದ್ದಳು.

ಮುಂದಿನ ಸಲ ನಾನು ತಟ್ಟೆ ಇಲ್ಲದೆ, ಬರಿಗೈಯಲ್ಲಿ ಒಳಗೇ ಕೂತೆ. ಆ ದಿನ ಬ್ರೇಕ್ ಹಿಡಿಯಾಕಿಯ ಪರಿಚಯವಾಯಿತು. ಅವಳು ದೊಡ್ಡ ಹೆಂಗಸಲ್ಲ, ಎರಡು ಜಡೆಯ, ನೀಲಿ ಲಂಗದ ಶಾಲೆ ಹುಡುಗಿ. ಪೂರ್ಣಿಮಾಳ ತವರು ವಿರೂಪಾಪುರಗಡ್ಡೆ. ಸುತ್ತ ಹೊಳೆ, ನಡುವೆ ಭತ್ತದ ಗದ್ದೆ. ಅವಳು ಚಿಕ್ಕವಳಿದ್ದಾಗ ಆಚೆಯ ದಡಕ್ಕೆ ಹೋಗಬೇಕೆಂದರೆ ಹರಗೋಲು ಹತ್ತಬೇಕಿತ್ತು. ಆ ಬಿದಿರಿನ ಬುಟ್ಟಿ ನೀರಿನ ಮೇಲೆ ಗಿರಗಿರ ತಿರುಗುವಾಗ ತಮ್ಮನನ್ನು ಹಿಡಿದುಕೊಳ್ಳುವ ಕೆಲಸ ಅಕ್ಕನದು. ದಡದ ಮೇಲೆ ನಿಂತ ಅವ್ವ, ಹರಗೋಲು ಕಣ್ಣಿಗೆ ಕಾಣುವ ತನಕ ಒಂದೇ ಮಾತು ಕೂಗುತ್ತಿದ್ದಳಂತೆ: "ಗಟ್ಟಿ ಹಿಡ್ಕೊ ಬೇ, ಕೈ ಬಿಡಬ್ಯಾಡ."

ಏನೂ ಆಗಲಿಲ್ಲ. ಹರಗೋಲು ಮಗುಚಲಿಲ್ಲ, ತಮ್ಮ ಬೀಳಲಿಲ್ಲ. ಅವನೀಗ ಸಾಣಾಪುರದಲ್ಲಿ ಕೆರೆ ನೋಡಲು ಬಂದವರಿಗೆ ಚಹಾ, ಮಿರ್ಚಿ ಮಾರುತ್ತಾನೆ. ಅವನನ್ನು ಹಿಡಿಯಲು ಈಗ ನಾಲ್ಕು ಅಕ್ಕಂದಿರು ಬೇಕು, ಅಷ್ಟು ದಪ್ಪಗಿದ್ದಾನೆ. ಆದರೆ ಒಳಗಿನ ಹುಡುಗಿಗೆ ಯಾರೂ ಬಂದು ದಡ ಸಿಕ್ಕಿತು, ಇನ್ನು ಕೈ ಬಿಡು ಎಂದು ಹೇಳಿರಲಿಲ್ಲ. ಸೇತುವೆಯ ಮೇಲೆ ಗಾಡಿ ಜಾರಿ, ಪಕ್ಕದಲ್ಲಿ ನೀರು ಕಂಡ ದಿನ ಅವಳು ಎದ್ದು ಬಂದು ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದಳು. ಸಿಕ್ಕಿದ್ದು ಬ್ರೇಕು.

"ಆಕಿಗೆ ನೀವು ಈಗ ದೊಡ್ಡಾಕಿ ಆಗೀರಿ ಅಂತ ಗೊತ್ತಿರಲಿಕ್ಕಿಲ್ಲ," ಎಂದರು ಮೇಡಂ. "ಹೇಳಿ ನೋಡ್ರಿ."

ಪೂರ್ಣಿಮಾ ಕಣ್ಣುಮುಚ್ಚಿ ಕುಳಿತಳು. ನಾನು ಹನುಮಪ್ಪನನ್ನು ನೋಡುತ್ತ ಕುಳಿತೆ. ಬಹಳ ಹೊತ್ತಿನ ಮೇಲೆ ಅವಳ ತುಟಿಯಲ್ಲಿ ನಗು ಮೂಡಿತು.

"ಏನಂದ್ಲು?" ತಡೆಯಲಾರದೆ ನಾನೇ ಕೇಳಿದೆ.

"ಲಗ್ನ ಆಗೇತಿ, ಟೀಚರ್ ಆಗೀನಿ, ಗಾಡಿ ಹೊಡಿತೀನಿ ಅಂತ ಎಲ್ಲಾ ಹೇಳಿದೆ ಅತ್ತಿ. ಎಲ್ಲಾ ಕೇಳಿ, ಈಜು ಬರತೈತೇನು ಅಂತಾಳ."

"ಬರತೈತೇನು?"

"ಇಲ್ಲ."

"ಬರತೈತಿ ಅಂತ ಹೇಳಿಬಿಡು. ಆಕಿಗೇನು ಗೊತ್ತಾಕ್ಕತಿ."

"ಅಮ್ಮಾರ," ಎಂದರು ಮೇಡಂ, "ಆಕಿಗೆ ಮಾತ್ರ ಸುಳ್ಳು ಹೇಳೂದು ಬ್ಯಾಡ್ರಿ. ಆಕಿ ನಂಬಬೇಕಲ್ಲ."

ನನಗೆ ಆ ಹುಡುಗಿಯ ಮೇಲೆ ಗೌರವ ಬಂತು. ಕಾಲುವೆ ದಾಟುವ ಮಾತು ಬಂದಾಗ ಕೇಳಬೇಕಾದ ಪ್ರಶ್ನೆಯನ್ನು ಕೇಳಿದ್ದಳು, ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಈಜು ಬರುವುದಿಲ್ಲ, ಆದರೆ ಸೇತುವೆಗೆ ಎರಡೂ ಕಡೆ ಗೋಡೆ ಇದೆ, ಮೆಲ್ಲಗೆ ಹೋಗುತ್ತೇನೆ ಎಂದು ಪೂರ್ಣಿಮಾ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಿನಗೇನು ಬೇಕು ಎಂದೂ ಕೇಳಿದಳು. ಖಣ ಬೇಡಲಿಲ್ಲ ಅವಳು, ಕೊಬ್ಬರಿ ಬೇಡಲಿಲ್ಲ. ಹಿಡಿದು ಹಿಡಿದು ಕೈ ಸೋತಿವೆ, ಒಮ್ಮೆಯಾದರೂ ನನ್ನನ್ನು ಯಾರಾದರೂ ಹಿಡಿದುಕೊಳ್ಳಲಿ ಎಂದಳಂತೆ. ನನಗೆ ಕುಂಕುಮದ ಬಟ್ಟಲನ್ನು ಸುಮ್ಮನೆ ಸರಿಪಡಿಸುವ ಕೆಲಸ ಬಂತು.

"ನಾ ಹಿಡ್ಕೋತೀನಿ ಬಿಡ," ಎಂದೆ. "ನಿನ್ನ ಹಿಡಕೊಂಡ್ರ ಆಕಿನ್ನೂ ಹಿಡಕೊಂಡಂಗ ಹೌದಲ್ಲೇನು? ಹಿಂದ ಕುಂದರತೀನಿ."

ಇದನ್ನು ಹೇಳಿದ್ದು ನನ್ನೊಳಗಿನ ಯಾವಳೋ ಗೊತ್ತಿಲ್ಲ. ಉಳಿದವರೆಲ್ಲ ಗಾಬರಿಯಾದರು. ನಾನು ಅಲ್ಲಿಯ ತನಕ ಸ್ಕೂಟರಿನ ಹಿಂದೆ ಕೂತವಳೇ ಅಲ್ಲ. ಮರುದಿನ ಸೆರಗು ಬಿಗಿದು, ಒಂದು ಕಡೆಗೆ ಕಾಲು ಹಾಕಿ ಕೂತಾಗ ಗಾಡಿ ಒಮ್ಮೆ ಮುಲುಗುಟ್ಟಿತು. ಖೈರುನ್‌ಬೀ ಗೋಡೆಯ ಮೇಲೆ ಮುಖವಿಟ್ಟು, "ಶಾಂತಕ್ಕ, ಸೊಸಿ ಧೈರ್ಯಕ್ಕ ನೀ ಹೊಂಟಿಯೋ, ನಿನ್ನ ಧೈರ್ಯಕ್ಕ ಸೊಸಿ ಹೊಂಟಾಳೋ?" ಎಂದು ಕೇಳಿದಳು. ಉತ್ತರ ಕೊಡಲು ನಾನು ಉಸಿರು ಬಿಡಬೇಕಿತ್ತು.

ಕೆಲವು ಬೆಳಿಗ್ಗೆ ಸೇತುವೆಯ ಈಚೆಗೆ ನಿಂತು, ನೀರು ನೋಡಿ, ಹಿಂದಿರುಗಿದೆವು. ಮೇಡಂ ಅವಸರ ಮಾಡಬೇಡಿ ಎಂದಿದ್ದರು. ಅವಸರ ಮಾಡದೆ ಇರುವುದು ಎಷ್ಟು ಕಷ್ಟ ಎಂಬುದು ಹಿಂದೆ ಕೂತವರಿಗೇ ಗೊತ್ತು. ಸೊಸೆಯ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದು, ಬಾಯಿಯನ್ನು ಹಲ್ಲಿನಿಂದ ಹಿಡಿದು ಕೂರುತ್ತಿದ್ದೆ. ಒಂದು ವಾರ ಅಡುಗೆ ತಡವಾಯಿತು, ನಮ್ಮ ಮನೆಯವರು ಅವಲಕ್ಕಿ ತಿಂದು ಸುಮ್ಮನಿದ್ದರು.

ಮುಂದಿನ ಸೋಮವಾರ ಮುಖ್ಯೋಪಾಧ್ಯಾಯರು ಬರಲೇಬೇಕೆಂದು ಹೇಳಿ ಕಳಿಸಿದ್ದರು, ಮಕ್ಕಳ ಪರೀಕ್ಷೆ. ಬಸವರಾಜನಿಗೆ ಗಿರಣಿಯಲ್ಲಿ ಲಾರಿ ಬಂದು ನಿಂತಿತ್ತು. ಅತ್ತೆ ಸೊಸೆ ಇಬ್ಬರೂ ಹೊರಟೆವು. ಸೇತುವೆ ಬಂತು. ಕಾಲುವೆಯಲ್ಲಿ ಅಂದು ಹೆಚ್ಚು ನೀರು ಬಿಟ್ಟಿದ್ದರು, ಕೆಂಪಗೆ, ತುಂಬಿಕೊಂಡು ಹರಿಯುತ್ತಿತ್ತು. ಬ್ರೇಕು ಬಿತ್ತು.

ನಿಂತೆವು. ಪೂರ್ಣಿಮಾ ತನ್ನೊಳಗೆ ಏನೋ ಮೆಲ್ಲಗೆ ಮಾತಾಡುತ್ತಿದ್ದಳು. ನಾನು ಅವಳ ಸೊಂಟ ಹಿಡಿದೇ ಕೂತಿದ್ದೆ. ಹಿಂದೆ ಭತ್ತದ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರು ಬಂದು ಹಾರನ್ ಬಾರಿಸಿತು.

"ಏನ್ರಿ ಟೀಚರಮ್ಮಾರ, ಗಾಡಿ ಕೆಟ್ಟೈತೇನ್ರಿ?" ಎಂದು ಡ್ರೈವರ್ ಕೇಳಿದ.

"ಗಾಡಿ ನೆಟ್ಟಗೈತಿ," ಎಂದೆ ಹಿಂದೆ ತಿರುಗದೆ. "ನಾವು ಮಾತಾಡಾಕತ್ತೀವಿ, ತಡಿ."

"ಅತ್ತಿ ಸೊಸಿ ಮಾತಾಡಾಕ ಮನಿ ಸಾಲವಲ್ದೇನ್ರಿ?"

"ಇಬ್ಬರಲ್ಲ, ಮೂರು ಮಂದಿ ಅದೀವಿ. ತಡಿ."

ಅವನು ಎಣಿಸಿ ನೋಡಿರಬೇಕು, ಇಂಜಿನ್ ಆರಿಸಿದ. ಅದರ ಸದ್ದು ನಿಂತ ಮೇಲೆ ನೀರಿನ ಸದ್ದು ಇನ್ನೂ ದೊಡ್ಡದಾಗಿ ಕೇಳಿತು. ಹನುಮಪ್ಪನಿಗೆ ಏನು ಹೇಳಬೇಕೋ ತೋಚಲಿಲ್ಲ. ಏನಾದರೂ ಬೇಡಿಕೊಂಡರೆ ಆ ಹುಡುಗಿಯನ್ನು ದೂಡಿದ ಹಾಗಾಗುತ್ತದೆ ಎನಿಸಿ ಅವನ ಹತ್ತಿರವೂ ಸುಮ್ಮನಿದ್ದೆ.

"ಅತ್ತಿ," ಎಂದಳು ಪೂರ್ಣಿಮಾ, "ಸ್ವಲ್ಪ ಇಳೀತೀರೇನು?"

"ಯಾಕವ್ವ? ತಿರುಗಿ ಹೋಗೂನೇನು?"

"ಅಲ್ಲ. ಆಕಿ ಹಿಂದ ಕುಂದರತಾಳಂತ."

ನಾನು ಇಳಿದೆ. ಖಾಲಿ ಸೀಟಿನ ಮೇಲೆ ಬಿಸಿಲು ಬಿದ್ದಿತ್ತು. ಪೂರ್ಣಿಮಾ ಎಡಗೈಯನ್ನು ಹಿಂದಕ್ಕೆ ಚಾಚಿ, ಚಿಕ್ಕ ಮಕ್ಕಳು ಕೂತಿದ್ದಾರೋ ಇಲ್ಲವೋ ಎಂದು ತಾಯಂದಿರು ತಡವಿ ನೋಡುವ ಹಾಗೆ ಸೀಟನ್ನು ಒಮ್ಮೆ ತಡವಿದಳು. ಆಮೇಲೆ ಕೈ ಹ್ಯಾಂಡಲಿಗೆ ಬಂತು, ಬೆರಳುಗಳು ಒಂದೊಂದಾಗಿ ಬ್ರೇಕಿನಿಂದ ಎದ್ದವು. ಗಾಡಿ ಹೊರಟಿತು. ಗೋಡೆಗೆ ಆತುಕೊಂಡು, ಎಮ್ಮೆ ನಡೆಯುವಷ್ಟು ಮೆಲ್ಲಗೆ, ನಡುವಿನ ತನಕ ಹೋಯಿತು. ನಡುವೆ ಒಮ್ಮೆ ಓಲಾಡಿತು. ನಾನು ನಿಂತಲ್ಲೇ ಗಾಳಿಯನ್ನು ತಬ್ಬಿ ಹಿಡಿದೆ. ಆಚೆಯ ದಡ ಮುಟ್ಟಿತು.

ತಿರುಗಿ ನೋಡುತ್ತಾಳೆ, ಕೈ ಬೀಸುತ್ತಾಳೆ ಎಂದು ಕೈ ಎತ್ತಿಕೊಂಡು ನಿಂತೆ. ಅವಳು ನೋಡಲೇ ಇಲ್ಲ. ಶಾಲೆಗೆ ಹೊತ್ತಾಗಿತ್ತು.

ಟ್ರ್ಯಾಕ್ಟರಿನವನು ನನ್ನನ್ನು ದಾಟಿ ಹೋಗುವಾಗ, "ಉಳಿದಾಕಿ ಎಲ್ಲಿ ಹೋದ್ಲು ಅಮ್ಮಾ?" ಎಂದು ಕೇಳಿದ. ಸಾಲಿಗೆ ಹೋದ್ಲು ಎಂದೆ. ಮನೆಯ ತನಕ ನಡೆದುಕೊಂಡೇ ಬಂದೆ. ಅಷ್ಟು ದೂರದಲ್ಲಿ ಎಣಿಸಲು ಎಷ್ಟೋ ಉಪಕಾರಗಳಿದ್ದವು, ಒಂದನ್ನೂ ಎಣಿಸಲಿಲ್ಲ, ಸುಮ್ಮನೆ ಬಿಸಿಲಲ್ಲಿ ನಡೆದೆ. ಓಣಿಯ ಬಾಯಿಗೇ ಖೈರುನ್‌ಬೀ ನಿಂತಿದ್ದಳು.

"ಒಬ್ಬಾಕಿನ ಬಂದಿ? ಗಾಡಿ ಎಲ್ಲಿ, ಸೊಸಿ ಎಲ್ಲಿ?"

"ಆ ಕಡಿ ಹೋದ್ಲು."

"ನಿನ್ನ ಈ ಕಡಿ ಬಿಟ್ಟು?"

"ಹೂಂ, ಬಿಟ್ಟು."

ಖೈರುನ್‌ಬೀ ನನ್ನ ಮುಖ ನೋಡಿದಳು. ಏನೋ ಚೇಷ್ಟೆ ಮಾಡಲು ಬಂದವಳು ಮಾಡಲಿಲ್ಲ. ನನ್ನ ಸೆರಗಿಗೆ ಅಂಟಿದ್ದ ಹುಲ್ಲಿನ ಕಡ್ಡಿಯನ್ನು ತೆಗೆದು ಒಗೆದು, ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಫೋನು ಬಂತು. ಹಿಂದೆ ಮಕ್ಕಳ ಗದ್ದಲ.

"ಅತ್ತಿ, ನಿಮ್ಮನ್ನ ಅಲ್ಲೇ ಬಿಟ್ಟು ಬಂದ್ನೆಲ್ಲ. ಈಗ ನೆನಪಾತು ನೋಡ್ರಿ. ಸಿಟ್ಟು ಬಂದೈತೇನು?"

"ಬಂದೈತಿ. ಆ ಊರಾಗ ಮೆಂತೆ ಪಲ್ಲೆ ಎಳೀದು ಸಿಗತೈತೆಲ್ಲ, ಸಂಜಿಗೆ ಬರೋವಾಗ ಎರಡು ಸೂಡು ತಗೊಂಡು ಬಾ."

ಬರುವಾಗಲೂ ಅದೇ ಸೇತುವೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ತರತೀವಿ ಅತ್ತಿ," ಎಂದಳು.

ನಳಕ್ಕೆ ನೀರು ಬಂದ ಸದ್ದಾಯಿತು. ಫೋನನ್ನು ಕಿಟಕಿಯಲ್ಲಿಟ್ಟು, ಕೊಡಗಳನ್ನು ತಿಕ್ಕಿ ತೊಳೆದು, ಮೊದಲನೆಯದನ್ನು ನಳದ ಕೆಳಗೆ ಹಿಡಿದೆ.